ಹೇಳಿದ್ದು ಒಂದು, ಬಂದದ್ದು ಇನ್ನೊಂದು: ಹಳೆಯ ಲೆನ್ಸ್‌ನ ತಕರಾರು ಬಗೆಹರಿದ ಬಗೆ

ಬಳಸಿದ ವಸ್ತುಗಳನ್ನು ಮಾರುವ ಜಾಲತಾಣವೊಂದರಲ್ಲಿ ಕಂಡ ಆ ಹಳೆಯ ಲೆನ್ಸ್‌ನ ಜಾಹೀರಾತಿನಲ್ಲಿ ವಿವರಣೆ ಐದಾರು ಸಾಲು ಮಾತ್ರ ಇತ್ತು. ಹೊರಮೈಯಲ್ಲಿ ಸಣ್ಣ ಗೀರುಗಳಿವೆ, ಹಿಡಿತದ ರಬ್ಬರ್ ಪಟ್ಟಿ ಸ್ವಲ್ಪ ಸಡಿಲಾಗಿದೆ, ಫೋಕಸ್ ಬಳೆ ಸಲೀಸಾಗಿ ತಿರುಗುತ್ತದೆ ಎಂದೆಲ್ಲ ಬರೆದು, ಕೊನೆಗೆ "ಒಳಗಿನ ಗಾಜು ಸ್ವಚ್ಛವಾಗಿದೆ, ಫಂಗಸ್ ಇಲ್ಲ" ಎಂದಿತ್ತು. ಕ್ಯಾಮೆರಾದ ಹಳೆಯ ಲೆನ್ಸ್ ಹುಡುಕುವವರ ಕಣ್ಣು ಮೊದಲು ಹೋಗುವುದು ಆ ಕೊನೆಯ ಸಾಲಿಗೇ. ಮೈ ಗೀರಿದ ಲೆನ್ಸ್‌ನಿಂದಲೂ ಒಳ್ಳೆಯ ಚಿತ್ರ ತೆಗೆಯಬಹುದು, ರಬ್ಬರ್ ಪಟ್ಟಿಯನ್ನು ಬದಲಾಯಿಸಿಕೊಳ್ಳಬಹುದು. ಗಾಜಿನೊಳಗೆ ಬೂಷ್ಟು ಹಬ್ಬಿದ್ದರೆ ಮಾತ್ರ ಕೊಟ್ಟ ಹಣದ ಬಹುಪಾಲು ಹೋದಂತೆಯೇ. ಆ ಸಾಲನ್ನು ಓದಿಯೇ ನಾನು ಹಣ ಕಟ್ಟಿದೆ. ಮುಂದೆ ನಡೆದ ತಕರಾರೆಲ್ಲ ಗಿರಕಿ ಹೊಡೆದದ್ದೂ ಅದರ ಸುತ್ತಲೇ.

ಪೊಟ್ಟಣ ಬಂದಾಗ ಮೊಬೈಲನ್ನು ಒಂದು ಕಡೆ ನಿಲ್ಲಿಸಿ, ವಿಡಿಯೊ ಓಡುತ್ತಿರುವಂತೆಯೇ ಬಿಚ್ಚಿದೆ. ಹಳೆಯ ವಸ್ತು ತರಿಸಿಕೊಂಡಾಗಲೆಲ್ಲ ನಾನು ಮಾಡುವುದು ಹೀಗೆಯೇ. ಮೊದಲು ವಿಳಾಸದ ಚೀಟಿ, ನಂತರ ಹರಿಯದೆ ಇರುವ ಅಂಟುಪಟ್ಟಿ, ಆಮೇಲೆ ಒಳಗಿನ ವಸ್ತು, ಅದರ ಮೇಲೆ ಕೆತ್ತಿರುವ ಕ್ರಮಸಂಖ್ಯೆ. ಎಲ್ಲವೂ ಒಂದೇ ಓಟದಲ್ಲಿ, ನಡುವೆ ತುಂಡಾಗದಂತೆ ದಾಖಲಾಗಬೇಕು. ಕ್ರಮಸಂಖ್ಯೆ ಕಾಣದ ವಿಡಿಯೊಗೆ ಅರ್ಧ ಬಲವೂ ಇಲ್ಲ. "ನಾನು ಕಳುಹಿಸಿದ್ದು ಇದಲ್ಲ" ಎಂದು ಮಾರಿದವರು ಹೇಳಿಬಿಟ್ಟರೆ ಆಗ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ.

ನಂತರ ಕೋಣೆಯ ದೀಪ ಆರಿಸಿ, ಲೆನ್ಸ್‌ನಲ್ಲಿ ಬೆಳಕು ಹಾಯುವ ಕಿಂಡಿಯಾದ ಅಪರ್ಚರ್ ಅನ್ನು ಪೂರ್ತಿ ತೆರೆದು, ಹಿಂಬದಿಯಿಂದ ಟಾರ್ಚ್ ಬೆಳಕನ್ನು ಓರೆಯಾಗಿ ಹಾಯಿಸಿ ಮುಂದಿನಿಂದ ನೋಡಿದೆ. ಹಳೆಯ ಲೆನ್ಸ್ ಒಳಗೆ ನಾಲ್ಕಾರು ಧೂಳಿನ ಕಣಗಳು ಕಂಡರೆ ಗಾಬರಿಯಾಗಬೇಕಿಲ್ಲ, ಚಿತ್ರದ ಮೇಲೆ ಅವುಗಳ ಪರಿಣಾಮ ಇಲ್ಲವೆಂದೇ ಹೇಳಬಹುದು. ನನಗೆ ಕಂಡದ್ದು ಧೂಳಲ್ಲ. ಹಿಂಬದಿಯ ಗಾಜಿನ ಅಂಚಿನಿಂದ ಹೊರಟು ನಡುವಿನ ಕಡೆಗೆ ಕವಲೊಡೆಯುತ್ತ ಸಾಗಿದ್ದ, ಜೇಡರ ಬಲೆಯಷ್ಟು ತೆಳುವಾದ ಎಳೆಗಳು. ಅದರ ಪಕ್ಕದ ಗಾಜಿನ ಮೇಲೆ ತೆಳ್ಳನೆಯ ಮಬ್ಬು. ಹಗಲು ಬೆಳಕಿನಲ್ಲಿ ನೇರವಾಗಿ ಹಿಡಿದು ನೋಡಿದರೆ ಎರಡೂ ಕಾಣುತ್ತಿರಲಿಲ್ಲ. ಜಾಹೀರಾತಿನ ಚಿತ್ರಗಳೆಲ್ಲ ಹಾಗೆ ನೇರ ಬೆಳಕಿನಲ್ಲಿ ತೆಗೆದವೇ ಆಗಿದ್ದವು.

ಬೂಷ್ಟಿನ ವಿಷಯ ಸ್ವಲ್ಪ ಹೇಳಬೇಕು, ಮುಂದೆ ವಾದವೆಲ್ಲ ಅಲ್ಲಿಗೇ ಬಂದು ನಿಲ್ಲುತ್ತದೆ. ಗಾಳಿಯಲ್ಲಿ ಶಿಲೀಂಧ್ರದ ಬೀಜಕಣಗಳು ಎಲ್ಲೆಲ್ಲೂ ಇರುತ್ತವೆ. ತೇವವಿರುವ, ಗಾಳಿಯಾಡದ, ಕತ್ತಲೆಯ ಜಾಗದಲ್ಲಿ ಲೆನ್ಸ್ ಬಹುಕಾಲ ಬಿದ್ದಿದ್ದರೆ ಅವು ಗಾಜಿನ ಮೇಲೆ ಬೇರೂರುತ್ತವೆ. ಎಳೆಗಳಾಗಿ ಬೆಳೆಯುತ್ತ ಅವು ಆಮ್ಲವನ್ನು ಸ್ರವಿಸುತ್ತವೆ. ಪ್ರತಿಫಲನ ತಡೆಯಲು ಗಾಜಿಗೆ ಹಚ್ಚಿರುವ ಲೇಪನವನ್ನು ಆ ಆಮ್ಲ ಮೆಲ್ಲಮೆಲ್ಲನೆ ಕೊರೆಯುತ್ತದೆ. ಹೀಗಾಗಿ ಬಿಚ್ಚಿ ಒರೆಸಿದರೂ ಕೆಲವೊಮ್ಮೆ ಗುರುತು ಉಳಿದೇ ಬಿಡುತ್ತದೆ. ಬೆಳಕಿಗೆ ಎದುರಾಗಿ ಚಿತ್ರ ತೆಗೆದರೆ ಇಡೀ ಚಿತ್ರ ಬಿಳಚಿಕೊಳ್ಳುತ್ತದೆ. ಇದು ಕೊರಿಯರ್ ವಾಹನದಲ್ಲಿ ಬಂದ ಕೆಲವು ದಿನಗಳಲ್ಲಿ ಆಗುವ ಬೆಳವಣಿಗೆಯಲ್ಲ. ಕವಲೊಡೆದ ಎಳೆಗಳು ಕಾಣುವ ಹೊತ್ತಿಗೆ ವಾರಗಟ್ಟಲೆ, ಎಷ್ಟೋ ಸಲ ತಿಂಗಳುಗಟ್ಟಲೆ ಕಾಲ ಸಂದಿರುತ್ತದೆ.

ಕೋಪ ಬಂದದ್ದು ನಿಜ. ಆದರೆ ಕೋಪದಲ್ಲಿ ಬರೆದ ಮೊದಲ ಸಂದೇಶವೇ ಮುಂದೆ ದೂರು ಹೋದರೆ ಜಾಲತಾಣದ ಮಧ್ಯಸ್ಥರು ಓದುವ ಮೊದಲ ಕಾಗದವೂ ಆಗಿರುತ್ತದೆ. "ನೀವು ಮೋಸ ಮಾಡಿದ್ದೀರಿ" ಎಂದು ಬರೆದರೆ ಆ ಮೋಸವನ್ನು ಸಾಬೀತು ಮಾಡುವ ಹೊರೆ ನನ್ನ ತಲೆಯ ಮೇಲೆ ಬೀಳುತ್ತದೆ. ಮಾರಿದವರಿಗೆ ಬೂಷ್ಟು ಇರುವುದು ಗೊತ್ತಿತ್ತೋ ಇಲ್ಲವೋ ನನಗೆ ತಿಳಿಯುವ ದಾರಿಯಿಲ್ಲ, ತಿಳಿಯಬೇಕಾದ ಅಗತ್ಯವೂ ಇಲ್ಲ. ನನಗೆ ಬೇಕಾದದ್ದು ಇಷ್ಟೇ: ಹೇಳಿದ್ದಕ್ಕೂ ಬಂದದ್ದಕ್ಕೂ ತಾಳೆಯಾಗುವುದಿಲ್ಲ ಎಂದು ತೋರಿಸುವುದು. ಅವರಿಗೆ ಗೊತ್ತಿಲ್ಲದಿದ್ದರೂ ಆ ತಾಳೆ ತಪ್ಪಿದ್ದು ತಪ್ಪಿದ್ದೇ. ಆದ್ದರಿಂದ ಹೀಗೆ ಬರೆದೆ:

"ನಮಸ್ಕಾರ ಸರ್. ಲೆನ್ಸ್ ಇಂದು ತಲುಪಿತು, ಚೆನ್ನಾಗಿ ಕಟ್ಟಿ ಕಳುಹಿಸಿದ್ದೀರಿ. ಜಾಹೀರಾತಿನಲ್ಲಿ ಫಂಗಸ್ ಇಲ್ಲ ಎಂದು ಬರೆದಿದ್ದೀರಿ. ಟಾರ್ಚ್ ಬೆಳಕಿನಲ್ಲಿ ನೋಡಿದಾಗ ಹಿಂಬದಿಯ ಗಾಜಿನಲ್ಲಿ ಫಂಗಸ್ ಎಳೆಗಳು ಕಾಣುತ್ತಿವೆ. ಚಿತ್ರ ಮತ್ತು ಪೊಟ್ಟಣ ಬಿಚ್ಚಿದ ವಿಡಿಯೊ ಜೊತೆಗಿದೆ. ಲೆನ್ಸ್ ಹಿಂದಿರುಗಿಸಿ ಹಣ ವಾಪಸ್ ಪಡೆಯಲು ಬಯಸುತ್ತೇನೆ. ನಿಮ್ಮ ಅಭಿಪ್ರಾಯ ತಿಳಿಸಿ."

ಚೆನ್ನಾಗಿ ಕಟ್ಟಿ ಕಳುಹಿಸಿದ್ದೀರಿ ಎಂದದ್ದು ಉಪಚಾರಕ್ಕಲ್ಲ. ಅವರು ನಿಜವಾಗಿಯೂ ಚೆನ್ನಾಗಿ ಕಟ್ಟಿದ್ದರು. ಜೊತೆಗೆ, ಸಾಗಣೆಯಲ್ಲಿ ಹಾಳಾಯಿತು ಎಂಬ ವಾದ ಮುಂದೆ ಏಳದಂತೆಯೂ ಆಯಿತು. ಏನು ಬೇಕೆಂದು ಸ್ಪಷ್ಟವಾಗಿ ಕೇಳುವುದೂ ಮುಖ್ಯ. "ಇದಕ್ಕೆ ಏನು ಹೇಳುತ್ತೀರಿ?" ಎಂದು ಮಾತ್ರ ಕೇಳಿ ಬಿಟ್ಟವರ ತಕರಾರುಗಳು ಮಾತಿನಲ್ಲೇ ಸವೆದು ಹೋಗುವುದನ್ನು ಗೆಳೆಯರ ವಿಷಯದಲ್ಲಿ ನೋಡಿದ್ದೇನೆ.

ಮೊದಲ ಉತ್ತರ ಬಂತು: "ಹಳೆಯ ಲೆನ್ಸ್ ಎಂದ ಮೇಲೆ ಸ್ವಲ್ಪ ಧೂಳು ಇದ್ದೇ ಇರುತ್ತದೆ ಸರ್." ಧೂಳಿಗೂ ಬೂಷ್ಟಿಗೂ ಇರುವ ವ್ಯತ್ಯಾಸ ಕಾಣುವಂತೆ ಹತ್ತಿರದಿಂದ ತೆಗೆದ ಚಿತ್ರ ಕಳುಹಿಸಿದೆ. ಎರಡನೆಯ ಉತ್ತರದ ದನಿ ಬದಲಾಗಿತ್ತು: "ಇದನ್ನು ಹೇಗಿದೆಯೋ ಹಾಗೆ ಮಾರಿದ್ದೇನೆ, ವಾಪಸ್ ಪಡೆಯುವುದಿಲ್ಲ ಎಂದು ಜಾಹೀರಾತಿನಲ್ಲೇ ಇದೆ." ಅದೂ ನಿಜವೇ. ಜಾಹೀರಾತಿನ ಕೆಳಗೆ ಆ ಮಾತು ಇತ್ತು.

ಬಹಳ ಜನ ಸೋತು ಸುಮ್ಮನಾಗುವುದು ಇಲ್ಲಿಯೇ. ಆ ಒಂದು ಷರತ್ತು ಎಲ್ಲವನ್ನೂ ಮುಚ್ಚಿಬಿಡುತ್ತದೆ ಎಂದು ಅವರು ನಂಬುತ್ತಾರೆ. ಖಾಸಗಿ ವ್ಯಕ್ತಿಯಿಂದ ಕೊಂಡಾಗ ನಮ್ಮ ಹಕ್ಕು ಕಡಿಮೆ ಎಂಬುದು ಸತ್ಯ. ಯುರೋಪಿನ ಒಕ್ಕೂಟದ 2019ರ ನಿರ್ದೇಶನ ವ್ಯಾಪಾರಿ ಮಾರಿದ ಸರಕಿಗೆ ಎರಡು ವರ್ಷಗಳ ಕಾನೂನುಬದ್ಧ ಖಾತರಿ ಕೊಡುತ್ತದೆ, ಬಳಸಿದ ವಸ್ತುಗಳಿಗೆ ಅದನ್ನು ಒಂದು ವರ್ಷದವರೆಗೆ ಇಳಿಸಲು ಸದಸ್ಯ ದೇಶಗಳಿಗೆ ಅವಕಾಶವಿದೆ. ಆದರೆ ಮನೆಯ ಕಪಾಟಿನಿಂದ ತೆಗೆದು ಮಾರುವವರಿಗೆ ಇದು ಅನ್ವಯಿಸುವುದಿಲ್ಲ. ಭಾರತದ 1930ರ ಸರಕು ಮಾರಾಟ ಕಾಯ್ದೆಯಲ್ಲೂ ಗುಣಮಟ್ಟದ ಹೊಣೆ ಬರುವುದು ಅಂಥ ಸರಕಿನ ವ್ಯಾಪಾರ ಮಾಡುವವರ ಮೇಲೆಯೇ. ವಿವರಣೆಯ ಹೊಣೆ ಮಾತ್ರ ಬೇರೆ. ಅದೇ ಕಾಯ್ದೆಯ 15ನೇ ಕಲಮು, ವಿವರಣೆಯ ಮೇಲೆ ಮಾರಿದ ಸರಕು ಆ ವಿವರಣೆಗೆ ಹೊಂದಬೇಕು ಎನ್ನುವಾಗ ವ್ಯಾಪಾರಿ, ಖಾಸಗಿ ವ್ಯಕ್ತಿ ಎಂದು ಭೇದ ಮಾಡುವುದಿಲ್ಲ. ಇಂಗ್ಲೆಂಡಿನ 1893ರ ಕಾಯ್ದೆಯಿಂದ ಬಂದ ತತ್ತ್ವ ಇದು. ಅಂದರೆ "ಹೇಗಿದೆಯೋ ಹಾಗೆ" ಎಂಬುದು ಹೇಳದೆ ಉಳಿದ ದೋಷಗಳ ಮಟ್ಟಿಗೆ ಮಾರುವವರನ್ನು ಕಾಯಬಹುದು. "ಫಂಗಸ್ ಇಲ್ಲ" ಎಂದು ತಾವೇ ಬರೆದ ಮಾತನ್ನು ಅದೇ ಪುಟದ ಕೆಳಗಿನ ಸಾಲು ಅಳಿಸಿ ಹಾಕಲಾರದು. ಜಾಹೀರಾತಿನಲ್ಲಿ ಗಾಜಿನ ವಿಷಯ ಏನೂ ಬರೆಯದೆ ಇದ್ದಿದ್ದರೆ ನನ್ನ ಕೈ ನಿಜಕ್ಕೂ ಕಟ್ಟಿಹೋಗುತ್ತಿತ್ತು.

ಇದನ್ನೆಲ್ಲ ಅವರಿಗೆ ಕಾನೂನಿನ ಭಾಷೆಯಲ್ಲಿ ಬರೆಯಲಿಲ್ಲ. "ವಾಪಸ್ ಇಲ್ಲ ಎಂಬ ಷರತ್ತನ್ನು ನಾನು ಒಪ್ಪಿದ್ದು ವಿವರಣೆಯನ್ನು ಓದಿದ ಮೇಲೆ, ವಿವರಣೆಯೇ ಹೊಂದದಿದ್ದಾಗ ಆ ಷರತ್ತು ನಿಲ್ಲುವುದು ಕಷ್ಟ" ಎಂದಷ್ಟೇ ತಿಳಿಸಿದೆ. ಸ್ವಲ್ಪ ಹೊತ್ತಿನ ನಂತರ ಅವರಿಂದ ಹೊಸ ಪ್ರಸ್ತಾಪ ಬಂತು. ನಿಮ್ಮ ಫೋನ್ ನಂಬರ್ ಕೊಡಿ, ನೇರವಾಗಿ ಮಾತನಾಡೋಣ, ಜಾಲತಾಣದಲ್ಲಿ "ವಸ್ತು ಸರಿಯಾಗಿ ತಲುಪಿದೆ" ಎಂದು ಒತ್ತಿಬಿಡಿ, ನಾನು ನನ್ನ ಖಾತೆಯಿಂದ ಅರ್ಧ ಹಣ ಕಳುಹಿಸುತ್ತೇನೆ.

ಅವರ ಮನಸ್ಸಿನಲ್ಲಿ ಕೇಡು ಇತ್ತೆಂದು ಇಂದಿಗೂ ನಾನು ಹೇಳುವುದಿಲ್ಲ. ಜಾಲತಾಣದಲ್ಲಿ ತಮ್ಮ ಹೆಸರಿಗೆ ಮಸಿ ಹತ್ತೀತು ಎಂಬ ಹೆದರಿಕೆ ಇದ್ದಿರಬೇಕು. ಆದರೂ ಈ ಪ್ರಸ್ತಾಪವನ್ನು ಯಾರೂ ಯಾವ ಕಾರಣಕ್ಕೂ ಒಪ್ಪಬಾರದು. ನಾವು ಕಟ್ಟಿದ ಹಣವನ್ನು ಇಂಥ ಜಾಲತಾಣಗಳು ವಸ್ತು ತಲುಪಿದೆ ಎಂದು ನಾವು ಒಪ್ಪುವವರೆಗೆ ಅಥವಾ ನಿಗದಿತ ಅವಧಿ ಮುಗಿಯುವವರೆಗೆ ತಮ್ಮ ಬಳಿ ತಡೆಹಿಡಿದಿಟ್ಟಿರುತ್ತವೆ. ಆ ಗುಂಡಿ ಒತ್ತಿದ ಕ್ಷಣ ಹಣ ಮಾರಿದವರ ಖಾತೆಗೆ ಹೊರಟುಹೋಗುತ್ತದೆ. ಆಮೇಲೆ ನಮ್ಮ ಬಳಿ ಉಳಿಯುವುದು ಒಂದು ಮಾತು ಮಾತ್ರ, ಅದೂ ಮಧ್ಯಸ್ಥರ ಕಣ್ಣಿಗೆ ಬೀಳದ ಫೋನಿನಲ್ಲಿ ಆಡಿದ ಮಾತು. "ಮಾತುಕತೆ ಇಲ್ಲಿಯೇ ಇರಲಿ ಸರ್, ಇಬ್ಬರಿಗೂ ಒಳ್ಳೆಯದು" ಎಂದು ಉತ್ತರಿಸಿ, ಅದೇ ದಿನ ಅಧಿಕೃತ ದೂರು ದಾಖಲಿಸಿದೆ. ಕಾಯುವಂತಿರಲಿಲ್ಲ. ದೂರು ಕೊಡುವ ಅವಧಿ ಇಂಥ ಕಡೆ ಬಹಳ ಚಿಕ್ಕದು, ಮಾರುವವರ ಜೊತೆ ಸೌಜನ್ಯದಿಂದ ಮಾತನಾಡುತ್ತ ಕುಳಿತರೂ ಗಡಿಯಾರ ನಿಲ್ಲುವುದಿಲ್ಲ. ದೂರು ಕೊಟ್ಟ ಮೇಲೂ ಸಂಧಾನ ಮಾಡಿಕೊಳ್ಳಬಹುದು, ಅವಧಿ ಮುಗಿದ ಮೇಲೆ ದೂರು ಕೊಡಲಾಗದು.

ದೂರಿನ ನಮೂನೆಯಲ್ಲಿ ಮೊದಲ ಪ್ರಶ್ನೆಯೇ ಕಾರಣವನ್ನು ಆರಿಸುವುದು. ಪಟ್ಟಿಯಲ್ಲಿ "ವಸ್ತು ಇಷ್ಟವಾಗಲಿಲ್ಲ", "ವಸ್ತು ಕೆಲಸ ಮಾಡುತ್ತಿಲ್ಲ", "ವಿವರಣೆಗೆ ಹೊಂದುತ್ತಿಲ್ಲ" ಎಂದೆಲ್ಲ ಇತ್ತು. ಇದು ಬರಿಯ ಔಪಚಾರಿಕ ಪ್ರಶ್ನೆಯಲ್ಲ, ಇಡೀ ದೂರಿನ ಹಾದಿ ಇಲ್ಲಿಯೇ ಕವಲೊಡೆಯುತ್ತದೆ. ಇಷ್ಟವಾಗಲಿಲ್ಲ ಎಂದರೆ ಹಿಂದಿರುಗಿಸುವ ಹಕ್ಕೇ ಇಲ್ಲದೆ ಹೋಗಬಹುದು, ಇದ್ದರೂ ಸಾಗಣೆಯ ಖರ್ಚು ಕೊಂಡವರದೇ. ಕೆಲಸ ಮಾಡುತ್ತಿಲ್ಲ ಎಂದರೆ "ಚಿತ್ರ ಬರುತ್ತಿದೆಯಲ್ಲ" ಎಂಬ ಉತ್ತರಕ್ಕೆ ಬಾಗಿಲು ತೆರೆದಂತೆ. ಲೆನ್ಸ್ ಕೆಲಸವನ್ನೇನೋ ಮಾಡುತ್ತಿತ್ತು. ನಾನು ಆರಿಸಿದ್ದು ಮೂರನೆಯದನ್ನು.

ವಿವರ ಬರೆಯಲು ಕೊಟ್ಟಿದ್ದ ಜಾಗ ಚಿಕ್ಕದು, ಜೋಡಿಸಬಹುದಾದ ಚಿತ್ರಗಳಿಗೂ ಮಿತಿ ಇತ್ತು. ಒಂದು ದೃಷ್ಟಿಯಲ್ಲಿ ಅದು ಒಳ್ಳೆಯದೇ. ನಿರ್ಧರಿಸುವ ಸಿಬ್ಬಂದಿಯ ಮುಂದೆ ಇಂಥ ದೂರುಗಳ ರಾಶಿಯೇ ಇರುತ್ತದೆ, ಅವರಿಗೆ ನಮ್ಮ ನೋವಿನ ಕಥೆ ಓದುವಷ್ಟು ಬಿಡುವಿರುವುದಿಲ್ಲ. ಮೊದಲ ಚಿತ್ರವಾಗಿ ಜಾಹೀರಾತಿನ ಆ ಸಾಲಿನ ಸ್ಕ್ರೀನ್‌ಶಾಟ್ ಇಟ್ಟೆ. ಹಣ ಕಟ್ಟುವ ಮುನ್ನವೇ ತೆಗೆದಿಟ್ಟದ್ದು ಅದು, ಏಕೆಂದರೆ ಜಾಹೀರಾತುಗಳನ್ನು ತಿದ್ದಬಹುದು, ತೆಗೆದೂ ಹಾಕಬಹುದು. ಎರಡನೆಯ ಚಿತ್ರದಲ್ಲಿ ಬೂಷ್ಟಿನ ಎಳೆಗಳು. ಮೂರನೆಯದರಲ್ಲಿ ಅದೇ ಲೆನ್ಸ್‌ನ ಕ್ರಮಸಂಖ್ಯೆ, ಪಕ್ಕದಲ್ಲಿ ಜಾಹೀರಾತಿನ ಚಿತ್ರದಲ್ಲಿ ಕಾಣುವ ಕ್ರಮಸಂಖ್ಯೆ. ಕೆಳಗೆ ನಾಲ್ಕು ವಾಕ್ಯ: ಏನು ಹೇಳಿದ್ದರು, ಏನು ಬಂತು, ಯಾವಾಗ ತಿಳಿಸಿದೆ, ಏನು ಬೇಕು.

ಇಂಥ ಆನ್‌ಲೈನ್ ಪಂಚಾಯಿತಿಯ ಚರಿತ್ರೆ ನನಗೆ ಕುತೂಹಲ ಹುಟ್ಟಿಸಿದ ವಿಷಯ. 1999ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ತಂಡವೊಂದು ಇಬೇ ಜಾಲತಾಣದ ಕೊಡು-ಕೊಳ್ಳುವವರ ನಡುವಿನ ಸುಮಾರು 200 ತಕರಾರುಗಳನ್ನು ಇ-ಮೇಲ್ ಮೂಲಕ ಸಂಧಾನ ಮಾಡಿ ನೋಡಿತ್ತು. ಆ ಪ್ರಯೋಗದಿಂದ ಬೆಳೆದ ಪದ್ಧತಿ ಮುಂದೆ ಬಹಳ ಕಡೆ ಹಬ್ಬಿತು. 2016ರಲ್ಲಿ ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ವ್ಯಾಪಾರ ಕಾನೂನು ಆಯೋಗ ಹೊರತಂದ ಟಿಪ್ಪಣಿಗಳು ಮೂರು ಮೆಟ್ಟಿಲುಗಳನ್ನು ಹೇಳುತ್ತವೆ: ಮೊದಲು ಇಬ್ಬರ ನಡುವಿನ ನೇರ ಮಾತುಕತೆ, ಅದು ಫಲಿಸದಿದ್ದರೆ ಮೂರನೆಯವರ ನೆರವಿನ ಸಂಧಾನ, ಅದೂ ಆಗದಿದ್ದರೆ ಕೊನೆಯ ಹಂತ. ನನ್ನ ದೂರು ನಡೆದದ್ದೂ ಹೆಚ್ಚುಕಡಿಮೆ ಇದೇ ಮೆಟ್ಟಿಲುಗಳ ಮೇಲೆ. ಸಾಮಾನ್ಯ ಜನರ ಸಣ್ಣ ಮೊತ್ತದ ತಕರಾರಿಗೆ ನ್ಯಾಯಾಲಯದ ಮೆಟ್ಟಿಲು ಹತ್ತುವ ಬದಲು ಇಂಥದ್ದೊಂದು ದಾರಿ ಇರುವುದು ದೊಡ್ಡ ಅನುಕೂಲವೆಂದೇ ನನ್ನ ಭಾವನೆ. ಆದರೆ ಎಲ್ಲ ಕಡೆಯೂ ಇದು ಬೇರೂರಿಲ್ಲ. ಯುರೋಪಿನ ಒಕ್ಕೂಟವೇ 2016ರಲ್ಲಿ ತೆರೆದಿದ್ದ ತನ್ನ ಆನ್‌ಲೈನ್ ವ್ಯಾಜ್ಯ ವೇದಿಕೆಯನ್ನು ಬಳಸುವವರು ಕಡಿಮೆ ಎಂಬ ಕಾರಣಕ್ಕೆ 2025ರ ಜುಲೈನಲ್ಲಿ ಮುಚ್ಚಿತು.

ಜಾಲತಾಣದ ಮೊದಲ ತೀರ್ಮಾನ ನನ್ನ ವಿರುದ್ಧ ಬಂತು. "ವಸ್ತು ಬಳಸಿದ್ದು, ವಯಸ್ಸಿಗೆ ತಕ್ಕ ಸವೆತ ಸಹಜ" ಎಂಬ ಅಚ್ಚು ಹಾಕಿದಂಥ ಉತ್ತರ. ನನ್ನ ದೂರಿನಲ್ಲಿ ಸವೆತದ ಮಾತೇ ಇರಲಿಲ್ಲ. ಯಾರೂ ಚಿತ್ರಗಳನ್ನು ತೆರೆದು ನೋಡಿಲ್ಲ ಎಂಬುದು ಸ್ಪಷ್ಟವಾಗಿತ್ತು. ಇದು ನನ್ನನ್ನು ತೀರ ನೋಯಿಸಿತು. ತಂತ್ರಾಂಶ ತಪ್ಪುವುದನ್ನು ಅರ್ಥ ಮಾಡಿಕೊಳ್ಳಬಲ್ಲೆ. ಆದರೆ ಆ ಉತ್ತರ ಓದಿ ಇನ್ನು ಏನೂ ಮಾಡಲಾಗದು ಎಂದುಕೊಂಡು ಎಷ್ಟು ಜನ ಪುಟ ಮುಚ್ಚಿರಬಹುದು! ಕೆಳಗೆ ಮರುಪರಿಶೀಲನೆಗೆ ಕೋರುವ ಕೊಂಡಿ ಇತ್ತು, ಹುಡುಕಿದರೆ ಮಾತ್ರ ಕಾಣುವಷ್ಟು ಸಣ್ಣ ಅಕ್ಷರದಲ್ಲಿ.

ಮರುಪರಿಶೀಲನೆಗೆ ಹಳೆಯದನ್ನೇ ಮತ್ತೆ ಬರೆದರೆ ಹಳೆಯ ಉತ್ತರವೇ ಬರುತ್ತದೆ. ಹೊಸದೊಂದು ಪುರಾವೆ ಬೇಕಿತ್ತು. ಕ್ಯಾಮೆರಾ ರಿಪೇರಿ ಮಾಡುವವರೊಬ್ಬರ ಬಳಿ ಹೋದೆ. ಲೆನ್ಸ್ ಬಿಚ್ಚಬೇಡಿ, ನೋಡಿ ಬರೆದುಕೊಡಿ ಎಂದು ಕೇಳಿದೆ. ಬಿಚ್ಚಿದರೆ ನಾನೇ ಕೈಯಾಡಿಸಿದೆ ಎಂಬ ಆರೋಪ ಬರುತ್ತಿತ್ತು, ಸ್ಕ್ರೂ ತಲೆಯ ಮೇಲಿನ ಹೊಸ ಗುರುತು ಒಂದೇ ಸಾಕು ದೂರು ಮುರಿಯಲು. ಅವರು ತಮ್ಮ ಉಪಕರಣದ ಬೆಳಕಿನಲ್ಲಿ ಬಹಳ ಹೊತ್ತು ನೋಡಿ, ಹಿಂಬದಿಯ ಗಾಜಿನ ಒಳಮೈಯಲ್ಲಿ ಫಂಗಸ್ ಬೆಳವಣಿಗೆ ಇದೆ, ಇದು ಹಳೆಯದು, ಲೇಪನ ಕೊರೆದಿರುವ ಸಾಧ್ಯತೆ ಇದೆ, ಲೆನ್ಸ್ ಇತ್ತೀಚೆಗೆ ಬಿಚ್ಚಿದ ಗುರುತುಗಳಿಲ್ಲ ಎಂದು ಕ್ರಮಸಂಖ್ಯೆ ನಮೂದಿಸಿ, ದಿನಾಂಕ ಹಾಕಿ, ಸಹಿ ಮಾಡಿಕೊಟ್ಟರು. "ಇದು ಹಳೆಯದು" ಎಂಬ ಅವರ ಎರಡು ಪದ ನನ್ನ ಹತ್ತು ಚಿತ್ರಗಳಿಗಿಂತ ಹೆಚ್ಚು ಕೆಲಸ ಮಾಡಿತು.

ಈ ನಡುವೆ ಮಾರಿದವರು ತಮ್ಮ ಹೇಳಿಕೆ ಸಲ್ಲಿಸಿದ್ದರು. ತಾವು ಕಳುಹಿಸುವಾಗ ಗಾಜು ಸರಿ ಇತ್ತು, ಕೊಂಡವರ ಮನೆಯಲ್ಲಿ ಬಂದಿರಬೇಕು, ಅಥವಾ ತಮ್ಮ ಲೆನ್ಸ್ ಇಟ್ಟುಕೊಂಡು ಬೇರೊಂದನ್ನು ತೋರಿಸುತ್ತಿರಬೇಕು ಎಂದಿತ್ತು ಅದರಲ್ಲಿ. ಎರಡನೆಯ ಮಾತು ಚುಚ್ಚಿತು. ಆದರೂ ಅವರ ಜಾಗದಲ್ಲಿ ನಿಂತು ಯೋಚಿಸಿದೆ. ಒಳ್ಳೆಯ ವಸ್ತು ತರಿಸಿಕೊಂಡು ಕೆಟ್ಟದ್ದನ್ನು ಹಿಂದಿರುಗಿಸುವವರು ಇದ್ದಾರೆ. ಬಿಡಿ ಭಾಗ ತೆಗೆದುಕೊಂಡು ಉಳಿದದ್ದನ್ನು ವಾಪಸ್ ಕಳುಹಿಸುವವರೂ ಇದ್ದಾರೆ. ಮಾರುವವರ ಈ ಭಯಕ್ಕೆ ಆಧಾರವಿದೆ. ಕ್ರಮಸಂಖ್ಯೆಯ ಹೋಲಿಕೆ ಆ ಭಯಕ್ಕೂ ಉತ್ತರವಾಗಿತ್ತು. ತಲುಪಿದ ದಿನವೇ ತೆಗೆದ ವಿಡಿಯೊ ಮತ್ತು ರಿಪೇರಿಯವರ ಟಿಪ್ಪಣಿ ಅವರ ಮೊದಲ ವಾದಕ್ಕೆ ಉತ್ತರವಾದವು. ಎಲ್ಲವನ್ನೂ ಒಂದು ಪುಟದಲ್ಲಿ ಜೋಡಿಸಿ ಮರುಪರಿಶೀಲನೆಗೆ ಕಳುಹಿಸಿದೆ.

ಕಾಯುವಾಗ ಪರಿಚಿತರೊಬ್ಬರು, ಕಾರ್ಡ್ ಮೂಲಕ ಕಟ್ಟಿದ್ದೀರಲ್ಲ, ಬ್ಯಾಂಕಿಗೆ ಹೇಳಿ ಹಣ ಎಳೆದುಕೊಳ್ಳಿ ಎಂದರು. ಚಾರ್ಜ್‌ಬ್ಯಾಕ್ ಎನ್ನುವ ಆ ದಾರಿ ನಿಜಕ್ಕೂ ಇದೆ. ವೀಸಾ ಎಂಬ ಕಾರ್ಡ್ ಜಾಲದ ನಿಯಮಗಳಲ್ಲಿ ವಿವರಣೆಗೆ ಹೊಂದದ ಅಥವಾ ದೋಷವಿರುವ ಸರಕಿಗೆಂದೇ 13.3 ಎಂಬ ಸಂಕೇತವಿದೆ, ಸಾಮಾನ್ಯವಾಗಿ 120 ದಿನಗಳ ಮಿತಿಯಿದೆ. ಅಲ್ಲಿಯೂ ನಡೆಯುವುದು ವಿವರಣೆ ಮತ್ತು ವಸ್ತುವಿನ ಹೋಲಿಕೆಯೇ. ಆದರೆ ನಾನು ಆ ದಾರಿಯನ್ನು ಹಿಂದಿಟ್ಟುಕೊಂಡೆ. ಮಾರಿದವರೊಡನೆ ಬಗೆಹರಿಸಿಕೊಳ್ಳಲು ಯತ್ನಿಸಿದ್ದೀರಾ ಎಂದು ಬ್ಯಾಂಕು ಮೊದಲು ಕೇಳುತ್ತದೆ. ಜಾಲತಾಣದ ದೂರು ನಡೆಯುತ್ತಿರುವಾಗಲೇ ಬ್ಯಾಂಕಿಗೂ ಹೋದರೆ ಹಲವು ಜಾಲತಾಣಗಳು ತಮ್ಮ ಕಡೆಯ ದೂರನ್ನು ಮುಚ್ಚಿಬಿಡುತ್ತವೆ. ಒಂದು ಬಾಗಿಲು ಮುಚ್ಚಿದ ಮೇಲೆ ಇನ್ನೊಂದನ್ನು ತಟ್ಟುವುದೇ ಸರಿ, ಮಿತಿಯ ದಿನಾಂಕವನ್ನು ಮಾತ್ರ ಕಣ್ಣಮುಂದೆ ಇಟ್ಟುಕೊಂಡಿರಬೇಕು. ಇನ್ನು, ನೇರವಾಗಿ ಖಾತೆಯಿಂದ ಖಾತೆಗೆ ಅಪರಿಚಿತರಿಗೆ ಹಣ ಕಳುಹಿಸಿದವರಿಗೆ ಈ ಎರಡು ಬಾಗಿಲುಗಳೂ ಬಹುಮಟ್ಟಿಗೆ ಇರುವುದಿಲ್ಲ. ಕೆಲವರು ಸ್ವಲ್ಪ ಅಗ್ಗವಾಗುತ್ತದೆಂದು ಜಾಲತಾಣದ ಹೊರಗೆ ಹಣ ಕಟ್ಟುತ್ತಾರೆ. ಉಳಿಯುವ ಆ ಸ್ವಲ್ಪ ಹಣಕ್ಕೆ ಬಿಟ್ಟುಕೊಡುತ್ತಿರುವುದು ಏನೆಂದು ಅವರಿಗೆ ಯಾರಾದರೂ ಮೊದಲೇ ಹೇಳಬೇಕು.

ನನ್ನದು ಲೆನ್ಸ್, ಕಣ್ಣಿಗೆ ಕಾಣುವ ದೋಷ. ಬೇರೆ ವಸ್ತುಗಳಲ್ಲಿ ವಿವರಣೆ ಬಹಳ ಸಲ ತೆಳುವಾಗಿರುತ್ತದೆ. "ಕಡಿಮೆ ಬಳಸಿದ್ದು", "ಬ್ಯಾಟರಿ ಚೆನ್ನಾಗಿದೆ" ಎಂಬಂಥ ಮಾತನ್ನು ಯಾವುದಕ್ಕೆ ಹೋಲಿಸುವುದು? ಆಗ ವಸ್ತು ತಾನೇ ಬರೆದಿಟ್ಟುಕೊಂಡಿರುವ ಲೆಕ್ಕವನ್ನು ಕೇಳಬೇಕು. ಹಾರ್ಡ್ ಡಿಸ್ಕ್ ತಾನು ಎಷ್ಟು ಗಂಟೆ ಓಡಿದ್ದೇನೆಂದು ತನ್ನೊಳಗೇ ದಾಖಲಿಸಿಕೊಳ್ಳುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿ ಹೊಸದಿದ್ದಾಗ ಹಿಡಿಯುತ್ತಿದ್ದ ಪ್ರಮಾಣವನ್ನೂ ಈಗ ಹಿಡಿಯುವ ಪ್ರಮಾಣವನ್ನೂ, ಎಷ್ಟು ಸಲ ತುಂಬಿ ಬರಿದಾಗಿದೆ ಎಂಬುದನ್ನೂ ತೋರಿಸುತ್ತದೆ. ಅನೇಕ ಡಿಜಿಟಲ್ ಕ್ಯಾಮೆರಾಗಳಿಂದ ಶಟರ್ ಎಷ್ಟು ಬಾರಿ ತೆರೆದಿದೆ ಎಂಬ ಸಂಖ್ಯೆ ತೆಗೆಯಬಹುದು. ಮೊಬೈಲ್‌ನಲ್ಲಿ ಸ್ಟಾರ್, ಹ್ಯಾಷ್, ಸೊನ್ನೆ, ಆರು, ಹ್ಯಾಷ್ ಒತ್ತಿದರೆ ಆ ಫೋನಿನ ಗುರುತಾದ 15 ಅಂಕಿಗಳ ಐಎಂಇಐ ಸಂಖ್ಯೆ ಬರುತ್ತದೆ. ಪೆಟ್ಟಿಗೆಯ ಮೇಲಿನ ಸಂಖ್ಯೆಗೆ ಅದು ಹೊಂದದಿದ್ದರೆ, ಅಥವಾ ಹಿಂದಿನ ಮಾಲೀಕರ ಖಾತೆ ಫೋನಿನಲ್ಲಿ ಇನ್ನೂ ಬೀಗ ಹಾಕಿ ಕುಳಿತಿದ್ದರೆ ದೂರಿಗೆ ಅಷ್ಟೇ ಸಾಕು. ಇವನ್ನೆಲ್ಲ ಕೊಳ್ಳುವ ಮುನ್ನ ಸಂದೇಶದಲ್ಲಿ ಕೇಳಿ, ಮಾರುವವರು ಉತ್ತರಿಸಿದರೆ ಆ ಉತ್ತರವೂ ವಿವರಣೆಯ ಭಾಗವೇ ಆಗಿಬಿಡುತ್ತದೆ. ಉತ್ತರಿಸದಿದ್ದರೆ ಅದರಿಂದಲೂ ತಿಳಿಯಬೇಕಾದದ್ದು ತಿಳಿಯುತ್ತದೆ.

ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಬಳಸಿದ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿಟ್ಟು ಹೇಳಿದ ವಿಷಯ ಈ ದಿನಗಳಲ್ಲಿ ಮತ್ತೆ ಮತ್ತೆ ನೆನಪಾಗುತ್ತಿತ್ತು. ವಸ್ತುವಿನ ಒಳಗುಟ್ಟು ಮಾರುವವರಿಗೆ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ. ಹೀಗಾಗಿ ಕೊಳ್ಳುವವರು ಎಲ್ಲದಕ್ಕೂ ಅನುಮಾನದ ಬೆಲೆಯನ್ನೇ ಕೊಡುತ್ತಾರೆ. ಆ ಬೆಲೆಗೆ ಒಳ್ಳೆಯ ವಸ್ತು ಮಾರಲು ಮನಸ್ಸಾಗದೆ ಪ್ರಾಮಾಣಿಕರು ಹಿಂದೆ ಸರಿಯುತ್ತಾರೆ, ಸಂತೆಯಲ್ಲಿ ಕೆಟ್ಟ ಮಾಲೇ ಉಳಿಯುತ್ತದೆ. 2001ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದದ್ದು ಇಂಥ ವಿಶ್ಲೇಷಣೆಗಾಗಿಯೇ. ಬಳಸಿದ ವಸ್ತುಗಳ ಮಾರುಕಟ್ಟೆ ಉಳಿಯಬೇಕು ಎಂಬುದು ನನ್ನ ಗಾಢ ಆಸೆ. ಹೊಸದನ್ನು ಕೊಳ್ಳಲಾಗದ ವಿದ್ಯಾರ್ಥಿಗೆ ಲ್ಯಾಪ್‌ಟಾಪ್ ಸಿಗುವುದು ಅಲ್ಲಿ, ಎಸೆಯಬೇಕಾದ ಯಂತ್ರ ಇನ್ನೈದು ವರ್ಷ ಬಾಳುವುದು ಅಲ್ಲಿ. ತಕರಾರು ಹೂಡುವುದು ಆ ಮಾರುಕಟ್ಟೆಗೆ ಎಸಗುವ ದ್ರೋಹ ಎಂದು ಕೆಲವರು ಭಾವಿಸುತ್ತಾರೆ, ಹಳೆಯದಲ್ಲವೇ, ಹೋಗಲಿ ಬಿಡಿ ಎನ್ನುತ್ತಾರೆ. ನಾನು ಅದಕ್ಕೆ ಒಪ್ಪುವುದಿಲ್ಲ. ಬಿಟ್ಟುಬಿಟ್ಟ ಪ್ರತಿಯೊಂದು ತಕರಾರೂ ಮುಂದಿನ ಪ್ರಾಮಾಣಿಕ ಮಾರಾಟಗಾರರ ಬೆಲೆಯನ್ನು ಇಳಿಸುತ್ತದೆ.

ಮರುಪರಿಶೀಲನೆಯ ಉತ್ತರವನ್ನು ಈ ಬಾರಿ ಮನುಷ್ಯರೇ ಬರೆದಿದ್ದರು. ರಿಪೇರಿಯವರ ಟಿಪ್ಪಣಿಯನ್ನು ಉಲ್ಲೇಖಿಸಿ, ವಿವರಣೆಗೂ ವಸ್ತುವಿಗೂ ಹೊಂದಿಕೆಯಿಲ್ಲ ಎಂದು ಒಪ್ಪಿದ್ದರು. ಎರಡು ಆಯ್ಕೆ ಕೊಟ್ಟಿದ್ದರು: ಲೆನ್ಸ್ ಇಟ್ಟುಕೊಂಡು ಹಣದ ಒಂದು ಭಾಗ ಪಡೆಯುವುದು, ಅಥವಾ ಹಿಂದಿರುಗಿಸಿ ಪೂರ್ತಿ ಹಣ ಪಡೆಯುವುದು. ಭಾಗಶಃ ಹಣದ ಆಯ್ಕೆ ಆಕರ್ಷಕವಾಗಿಯೇ ಇತ್ತು. ರಿಪೇರಿಯವರನ್ನು ಮತ್ತೆ ಕೇಳಿದೆ. ಸ್ವಚ್ಛ ಮಾಡಬಹುದು, ಗುರುತು ಉಳಿಯುವುದೋ ಇಲ್ಲವೋ ಬಿಚ್ಚಿದ ಮೇಲೆಯೇ ಗೊತ್ತಾಗುವುದು ಎಂದರು. ಏನಾಗುತ್ತದೆಂದು ಗೊತ್ತಿಲ್ಲದ ಕೆಲಸಕ್ಕೆ ಮೊತ್ತ ನಿಗದಿ ಮಾಡುವುದು ಹೇಗೆ? ಹಿಂದಿರುಗಿಸುವುದನ್ನೇ ಆರಿಸಿದೆ.

ಹಿಂದಿರುಗಿಸುವ ಪೊಟ್ಟಣಕ್ಕೂ ಅಷ್ಟೇ ಎಚ್ಚರ ಬೇಕು. ಅವರು ಕಳುಹಿಸಿದ್ದ ಪೆಟ್ಟಿಗೆಯಲ್ಲಿಯೇ, ಅವರು ಸುತ್ತಿದ್ದ ಹಾಗೆಯೇ, ಮುಚ್ಚಳಗಳನ್ನೂ ಸೇರಿಸಿ ಕಟ್ಟಿದೆ. ಕಟ್ಟುವುದನ್ನೂ ವಿಡಿಯೊ ಮಾಡಿದೆ, ಕ್ರಮಸಂಖ್ಯೆ ಕಾಣುವಂತೆ. ತೂಕ ನಮೂದಾಗಿರುವ ರಸೀದಿ ಪಡೆದೆ. ಖಾಲಿ ಪೆಟ್ಟಿಗೆ ಬಂತು ಎಂಬ ಆಪಾದನೆಗೆ ತೂಕಕ್ಕಿಂತ ಗಟ್ಟಿಯಾದ ಉತ್ತರವಿಲ್ಲ. ಜಾಲತಾಣ ಕೊಟ್ಟ ವಿಳಾಸಕ್ಕೇ, ಹಾದಿ ಪತ್ತೆಹಚ್ಚಬಹುದಾದ ಸೇವೆಯಲ್ಲೇ ಕಳುಹಿಸಿದೆ.

ಅದು ತಲುಪಿದ ಮೇಲೆ ವಸ್ತುವಿನ ಹಣ ಬಂತು, ನಾನು ಲೆನ್ಸ್ ತರಿಸಿಕೊಳ್ಳಲು ಕಟ್ಟಿದ್ದ ಸಾಗಣೆಯ ಖರ್ಚು ಬರಲಿಲ್ಲ. ವಿವರಣೆಗೆ ಹೊಂದದ ವಸ್ತುವಿನ ವಿಷಯದಲ್ಲಿ ಅದನ್ನೂ ಕೊಡುವುದಾಗಿ ಆ ಜಾಲತಾಣದ ನಿಯಮದಲ್ಲೇ ಇತ್ತು. ಆ ಸಾಲನ್ನು ಎತ್ತಿ ತೋರಿಸಿ ಮತ್ತೊಂದು ಸಂದೇಶ ಬರೆಯಬೇಕಾಯಿತು. ಸಣ್ಣ ಮೊತ್ತವೇ, ಆದರೂ ಕೇಳಿದೆ, ಬಂತು.

ನಂತರ ಮಾರಿದವರಿಂದ ಒಂದು ಸಂದೇಶ. ಲೆನ್ಸ್ ತಮ್ಮ ಬಂಧುವೊಬ್ಬರದು, ವರ್ಷಗಳಿಂದ ಕಪಾಟಿನಲ್ಲಿತ್ತು, ಟಾರ್ಚ್ ಹಿಡಿದು ನೋಡಬೇಕೆಂಬುದು ತಮಗೆ ಗೊತ್ತಿರಲಿಲ್ಲ ಎಂದು ಬರೆದಿದ್ದರು. ಈಗ ನೋಡಿದ್ದಾರಂತೆ, ಎಳೆಗಳು ಕಂಡವಂತೆ. ರಿಪೇರಿಯವರ ಟಿಪ್ಪಣಿಯ ಪ್ರತಿ ಸಿಗಬಹುದೇ, ಸ್ವಚ್ಛ ಮಾಡಿಸಲು ಅವರನ್ನೇ ಕೇಳುತ್ತೇನೆ ಎಂದಿದ್ದರು. ಪ್ರತಿಯನ್ನೂ ಬೆಳಕು ಹಿಡಿಯುವ ಕೋನ ತೋರಿಸುವ ನನ್ನ ಚಿತ್ರವನ್ನೂ ಕಳುಹಿಸಿ, ಬಿಚ್ಚಿಸುವ ಮೊದಲು ಲೇಪನದ ವಿಷಯ ವಿಚಾರಿಸಿಕೊಳ್ಳಿ ಎಂದು ತಿಳಿಸಿದೆ.